ಎಡಗಡೆಯಿಂದ ತೆಗೆದ ವಿಡಿಯೊ

“ಈ ಸಲ ನಾನು ಫೋನು ಹಿಡಿಯಲ್ಲ!”

ಹೊಸ್ತಿಲ ಮೇಲೆ ಕೂತು ಬೂಟಿನ ದಾರ ಕಟ್ಟುತ್ತಿದ್ದವನ ಕೈ ಅಲ್ಲೇ ನಿಂತಿತು. ಹೆಂಡತಿ ಗೋಡೆಗೆ ಒರಗಿ ನಿಂತಿದ್ದಳು. ಅಷ್ಟು ಹೇಳುವುದಕ್ಕೇ ಅವಳ ಉಸಿರು ಖಾಲಿಯಾದಂತಿತ್ತು. ಒಳಗಿನಿಂದ ಲೋಟ ಕುಕ್ಕಿದ ಸದ್ದು ಬಂತು, ಅದರ ಹಿಂದೆಯೇ ಅತ್ತೆಯೂ ಬಂದರು.

“ಯಾಕೆ ಹಿಡಿಯಲ್ಲ? ಕೈಗೇನಾಗಿದೆ? ಗಂಡ ಮನೇಲಿ ಬಟ್ಟೆ ಮಡಚ್ತಾ ಕೂತಿರಲಿ ಅಂತ ಆಸೆ ನಿಂಗೆ. ಬಂದ ದಿನದಿಂದ ನೋಡ್ತಿದೀನಿ, ನನ್ನ ಮಗ ಎತ್ತರಕ್ಕೆ ಹೋಗೋದನ್ನ ಕಂಡ್ರೆ ನಿನಗಾಗಲ್ಲ!”

“ಆರೂವರೆ ಅಡಿ ಇದೀನಮ್ಮ, ಇನ್ನೆಷ್ಟು ಎತ್ತರಕ್ಕೆ ಹೋಗ್ಲಿ?” ಎಂದು ಅವನು ನಗಿಸಲು ನೋಡಿದ. ಯಾರೂ ನಗಲಿಲ್ಲ.

ಅವನು ಬಾಸ್ಕೆಟ್‌ಬಾಲ್ ಆಡಿ ಬದುಕುವವನು. ಒಂಬತ್ತು ವರ್ಷದಲ್ಲಿ ಏಳು ದೇಶ, ಹನ್ನೊಂದು ತಂಡ. ಯಾವುದೂ ಹೆಸರು ಮಾಡಿದ ತಂಡವಲ್ಲ. ಅಲ್ಲಿಯ ಆಟಗಾರನೊಬ್ಬನ ಕಾಲು ಮುರಿದರೆ ಇವನಿಗೆ ಕರೆ ಬರುತ್ತಿತ್ತು. ಆ ಕಾಲು ಕೂಡಿಕೊಂಡರೆ ಇವನ ಕೈಗೆ ವಾಪಸ್ಸಿನ ಟಿಕೆಟ್ ಬರುತ್ತಿತ್ತು! ಬೀರುವಿನಲ್ಲಿ ಹನ್ನೊಂದು ಬಣ್ಣದ ಅಂಗಿಗಳಿವೆ, ಬೆನ್ನ ಮೇಲೆ ಹನ್ನೊಂದು ಬೇರೆ ಬೇರೆ ನಂಬರು. ಅವನು ಬರುವ ಮೊದಲು ಯಾರದೋ ನಂಬರು, ಹೋದ ಮೇಲೆ ಇನ್ಯಾರದೋ. ಕರೆಸಿಕೊಳ್ಳುವವರಿಗೆ ಬೇಕಾಗಿದ್ದದ್ದು ಎತ್ತರ, ತೂಕ, ವಯಸ್ಸು ಮಾತ್ರ. ಮಗಳಿಗೆ ಜ್ವರ ಬಂದಾಗ ಇವನು ಪರದೇಶದ ಬಸ್ಸಿನ ಹಿಂದಿನ ಸೀಟಿನಲ್ಲಿ ಮೊಣಕಾಲಿಗೆ ಐಸ್ ಕಟ್ಟಿಕೊಂಡು ಕೂತಿದ್ದ. ಅದನ್ನು ಯಾವ ಮ್ಯಾನೇಜರ್ ಕೇಳಿದ? ಒಬ್ಬನೂ ಕೇಳಲಿಲ್ಲ!

ಒಂದನೇ ಕ್ಲಾಸಿನ ಆ ಮಗಳು, ಬಂದ ನೆಂಟರನ್ನೆಲ್ಲ ಕೇಳುವ ಹಾಗೆ ಅವನನ್ನೂ ಕೇಳುತ್ತಿದ್ದಳು: “ಅಪ್ಪ, ಯಾವತ್ತು ಹೋಗ್ತೀಯಾ?”

ಈಗ ಹನ್ನೆರಡನೇ ತಂಡ ಕರೆದಿತ್ತು. ಟಿಕೆಟ್ ಕಳಿಸುವ ಮೊದಲು ಎಲ್ಲರೂ ಕೇಳುವುದು ಒಂದೇ. ಓಡಿಬಂದು ಏಳು ಸಲ ಜಿಗಿದು ಇಳಿಯುವ ವಿಡಿಯೊ, ನಡುವೆ ಎಲ್ಲೂ ಕತ್ತರಿಸದೆ, ಮಧ್ಯಾಹ್ನದೊಳಗೆ. ಪ್ರತಿ ಸಲ ಅದನ್ನು ತೆಗೆಯುತ್ತಿದ್ದವಳು ಹೆಂಡತಿ. ಶಾಲೆಯ ಅಂಗಳದ ಬಲಗಡೆ, ಸುಡುವ ಬಿಸಿಲಲ್ಲಿ, ಒಂದು ಮಂಡಿ ಊರಿ. “ಎಡಗಡೆ ಮರದ ನೆರಳು, ಸರಿಯಾಗಿ ಕಾಣಲ್ಲ” ಎನ್ನುತ್ತಿದ್ದಳು. ಅವನು ಒಮ್ಮೆಯೂ ಯಾಕೆಂದು ಕೇಳಿರಲಿಲ್ಲ.

“ಕೊಡಿಲ್ಲಿ, ನಾನೇ ತೆಗೀತೀನಿ. ಆ ಕೆಂಪು ಚುಕ್ಕೆ ಒತ್ತಿದ್ರೆ ಆಯ್ತಲ್ಲ?” ಅತ್ತೆ ಫೋನು ಕಿತ್ತುಕೊಂಡು ಹೊರಟೇಬಿಟ್ಟರು.

ಬೀದಿಯ ಕೊನೆಯಲ್ಲಿ ಶಾಲೆಯ ಸಿಮೆಂಟಿನ ಅಂಗಳ. ಕಂಬದ ಮೇಲಿನ ರಿಂಗಿಗೆ ಬಲೆಯಿಲ್ಲ. ಬಿಸಿಲು ಕಣ್ಣಿಗೆ ಹೊಡೆಯುತ್ತಿದ್ದರಿಂದ ಅತ್ತೆ ನೇರ ಮರದ ಕೆಳಗೆ ಹೋಗಿ ನಿಂತರು, ಎಡಗಡೆಗೆ! ಹಿಂದೆಯೇ ಬಂದಿದ್ದ ಸೊಸೆ, ತಾನು ಪ್ರತಿ ಸಲ ಮಂಡಿ ಊರುತ್ತಿದ್ದ ಬಲಗಡೆಯನ್ನೊಮ್ಮೆ ನೋಡಿದಳು.

ಮೊದಲ ಜಿಗಿತ. ರಿಂಗಿನ ಮಟ್ಟಕ್ಕೆ ಏರಿದ ಮಗನನ್ನು ಕಂಡು ಅತ್ತೆಯ ಮುಖ ಅರಳಿತು. ಆದರೆ ಅವನು ಇಳಿದ... ಪರದೆಯ ತುಂಬ ಅವನ ಎಡಗಾಲೇ ಕಾಣುತ್ತಿತ್ತು. ನೆಲ ಮುಟ್ಟಿದೊಡನೆ ಮೊಣಕಾಲು ಒಳಕ್ಕೆ ಮಡಚಿಕೊಂಡಿತು, ಹಸಿ ಕಡ್ಡಿ ಬಾಗಿದ ಹಾಗೆ. ಎರಡನೆಯದು... ಮತ್ತೆ ಹಾಗೆಯೇ. ಮೂರನೆಯದಕ್ಕೆ ಅವನು ಹಲ್ಲು ಕಚ್ಚಿದ್ದೂ ಕಂಡಿತು. ಒಂಬತ್ತು ವರ್ಷ ಬೀದಿಗೆಲ್ಲ ‘ನನ್ನ ಮಗ ಹಾರ್ತಾನೆ’ ಎಂದು ಹೇಳಿಕೊಂಡು ಬಂದ ತಾಯಿ, ಅವನು ಇಳಿಯುವುದನ್ನು ನೋಡಿದ್ದು ಅಂದೇ!

“ಸಾಕು ಕಣೋ... ನಿಲ್ಲಿಸೋ!”

“ಏಳು ಬೇಕಮ್ಮ, ಇನ್ನೂ ನಾಲ್ಕಿದೆ. ಕೈ ಅಲುಗಿಸಬೇಡ.”

ಅವನು ಏಳನ್ನೂ ಮುಗಿಸಿದ. ಅತ್ತೆ ಎರಡೂ ಕೈಯಲ್ಲಿ ಫೋನು ಹಿಡಿದುಕೊಂಡು, ಸೊಸೆಯ ಕಡೆ ತಿರುಗಿದರು.

“ನಿನಗೆ ಗೊತ್ತಿತ್ತಾ?”

“ನಾಲ್ಕು ವರ್ಷದಿಂದ.”

“ನನಗೇ ಗೊತ್ತಿಲ್ಲದ್ದು ನಿನಗೆ...?” ಅವನು ಸೊಂಟದ ಮೇಲೆ ಕೈಯಿಟ್ಟು ಏದುಸಿರು ಬಿಡುತ್ತಿದ್ದ. “ನೋವು ಯಾರಿಗಿಲ್ಲ? ಅಲ್ಲಿ ಎಲ್ಲರಿಗೂ ನೋಯತ್ತೆ!”

“ನೋವಲ್ಲ ರೀ... ಕಾಲು ಮಡಚ್ಕೊಳ್ಳತ್ತೆ. ಬಲಗಡೆ ನಿಂತ್ರೆ ಅದು ಕಾಣಲ್ಲ. ಅದಕ್ಕೇ ನಾನು ಬಲಗಡೆ ನಿಲ್ತಿದ್ದೆ. ಹೋದ ವರ್ಷ ಹದಿನೈದೇ ದಿನಕ್ಕೆ ವಾಪಸ್ ಕಳಿಸಿದ್ರಲ್ಲ, ಕೋಚ್‌ಗೆ ನನ್ನ ಕಂಡ್ರಾಗಲ್ಲ ಅಂದ್ರಿ. ಕೋಚ್ ಅಲ್ಲ, ಅವರ ಡಾಕ್ಟರು ಎಡಗಡೆಯಿಂದ ನೋಡಿರ್ತಾರೆ. ಹೇಳಿದ್ರೆ ನಿಮ್ಮ ಆಟ ಕಿತ್ಕೊಂಡವಳು ನಾನಾಗ್ತಿದ್ದೆ. ಹೇಳದೆ... ನಾನೇ ನಿಮ್ಮನ್ನ ಕುಂಟಾಗೋಕೆ ಕಳಿಸ್ತಿದ್ದೆ!” ಅವಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ತಾಯಿ ಅವಳನ್ನು ಬೈಯುತ್ತಾರೆಂದು ಅವನು ಕಾದ. ತಾಯಿ ಬೈಯಲಿಲ್ಲ. “ನನ್ನ ಬಾಯಿಗೆ ಹೆದರಿಕೊಂಡು ನಾಲ್ಕು ವರ್ಷ ಬಿಸಿಲಲ್ಲಿ ಮಂಡಿ ಊರಿದ್ಯಾ?” ಎಂದರು. “‘ಹೋಗು, ಇನ್ನೊಂದು ತೆಗೆದುಬಿಡು, ಬಲಗಡೆಯಿಂದ’ ಅಂತ ಹೇಳೋಕೂ ಈಗ ನನಗೆ ನಾಲಿಗೆ ಏಳ್ತಿಲ್ಲ ಕಣೇ.”

ಅವನು ಸಿಮೆಂಟಿನ ಮೇಲೆ ಕೂತ. ಫೋನು ತೆಗೆದುಕೊಂಡು ಏಳೂ ಜಿಗಿತಗಳನ್ನು ನೋಡಿದ. ಇನ್ನೊಮ್ಮೆ ನೋಡಿದ. ಪರದೆಯಲ್ಲಿ ಬೀಳುತ್ತಿದ್ದವನು ಯಾರೋ ವಯಸ್ಸಾದವನಂತೆ ಕಂಡ. ಮಧ್ಯಾಹ್ನಕ್ಕೆ ಇನ್ನೂ ಹೊತ್ತಿತ್ತು. ಬಿಸಿಲಿಗೆ ಹೋಗಿ ಇನ್ನೊಂದು ತೆಗೆಸಬಹುದಿತ್ತು. ಹೆಂಡತಿ ಕಣ್ಣೊರೆಸಿಕೊಂಡು ಬಲಗಡೆಗೆ ಹೋಗಿ ನಿಂತೂ ಆಗಿತ್ತು, ಅವನು ಕೇಳಿದರೆ ಇಲ್ಲ ಎನ್ನುವ ಶಕ್ತಿ ಅವಳಲ್ಲಿ ಉಳಿದಿರಲಿಲ್ಲ. ಅವನು ಕೇಳಲಿಲ್ಲ. ಇದ್ದ ವಿಡಿಯೊವನ್ನೇ ಕಳಿಸಿದ.

ಹನ್ನೊಂದು ನಿಮಿಷಕ್ಕೆ ಉತ್ತರ ಬಂತು. ಎರಡೇ ಸಾಲು, ಕೊನೆಯಲ್ಲಿ ಶುಭ ಹಾರೈಕೆ. ಒಂಬತ್ತು ವರ್ಷಕ್ಕೆ ಎರಡು ಸಾಲು! ಅವನ ಹೆಸರಿನ ಒಂದಕ್ಷರವನ್ನೂ ತಪ್ಪು ಬರೆದಿದ್ದರು.

“ಏನಂತೆ?” ಎಂದರು ತಾಯಿ.

“ಬೇಡವಂತೆ.”

ಮೂವರೂ ಮನೆಗೆ ನಡೆದರು. ಬಾಗಿಲಿಗೆ ನಾಲ್ಕು ಮೆಟ್ಟಿಲು. ಯಾವಾಗಲೂ ಎರಡೆರಡು ಹಾರಿ ಹತ್ತುತ್ತಿದ್ದವನು ಇಂದು ಕೆಳಗೇ ನಿಂತ. ಹೆಂಡತಿ ಬಲಗಡೆಯಿಂದ ಅವನ ಎಡಗಡೆಗೆ ಬಂದಳು. ಅವನು ಅವಳ ಹೆಗಲ ಮೇಲೆ ಕೈಯಿಟ್ಟ. ಭಾರವನ್ನೆಲ್ಲ ಹಾಕಿಯೇ ಇಟ್ಟ.

ಮೇಲೆ ಬಾಗಿಲಲ್ಲಿ ಮಗಳು ನಿಂತಿದ್ದಳು. “ಅಪ್ಪ, ಯಾವತ್ತು ಹೋಗ್ತೀಯಾ?”

“ತಡಿಯೇ,” ಎಂದ ಅವನು ಒಂದು ಮೆಟ್ಟಿಲು ಹತ್ತಿ, “ಮೊದಲು ಒಳಗೆ ಬರ್ತೀನಿ.”