ಅನುಪಮಾಳ ನಾಲ್ಕನೆಯ ಪ್ರೋಗ್ರಾಮರ್

ಪ್ರೋಗ್ರಾಮರ್ ಎಂಬ ಪ್ರಾಣಿಯ ಮೇಲೆ ಕಡೂರಿನ ಅನುಪಮಾಳಿಗೆ ಇದ್ದಷ್ಟು ತಾತ್ಸಾರ ಹಲ್ಲಿಯ ಮೇಲೂ ಇರಲಿಲ್ಲ. ಹಲ್ಲಿ ಕೊನೇಪಕ್ಷ ಲೊಚಗುಟ್ಟುತ್ತದೆ. ಇವರನ್ನು ಕರೆದರೆ ಅದೂ ಇಲ್ಲ.

ಅವ್ವ ತೀರ್ಥಮ್ಮ ಹುರಿದು ಕುಟ್ಟುವ ಹುಚ್ಚೆಳ್ಳು ಚಟ್ನಿಪುಡಿಯನ್ನು ಅವಳು ಆನ್‌ಲೈನಿನಲ್ಲಿ ಮಾರುತ್ತಿದ್ದಳು. ಇವತ್ತಿನ ಆರ್ಡರಿಗೆ ಇವತ್ತೇ ಹುರಿದ ಪುಡಿ ಎಂಬುದೇ ಅಂಗಡಿಯ ಹೆಗ್ಗಳಿಕೆ. ತಿಂಗಳಿಗೊಮ್ಮೆ ಆ ಮಾತು ತಪ್ಪುತ್ತಿತ್ತು, ಗಿರಾಕಿಗಳು ಸೈಟಿನಲ್ಲೇ ಉಗಿದು ಬರೆಯುತ್ತಿದ್ದರು. ತಪ್ಪು ಪ್ರೋಗ್ರಾಮರನದೇ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಮೊದಲನೆಯವನು ನಾಳೆ, ನಾಳೆ ಎಂದು ಎಂಟು ವಾರ ದೂಡಿ ನಂಬರನ್ನೇ ಬದಲಾಯಿಸಿದ. ಎರಡನೆಯವನ ಪ್ರೊಫೈಲಿನಲ್ಲಿ ಐದು ನಕ್ಷತ್ರಗಳಿದ್ದವು, ತಲೆಯಲ್ಲಿ ಒಂದೂ ಇರಲಿಲ್ಲ. ಮೂರನೆಯವನು ಅತ್ತಿಗೆಯ ತಮ್ಮ ಹರ್ಷಿತ್. ಅವನ ಸೈಟಿನಲ್ಲಿ ಒಂದು ಪೊಟ್ಟಣ ಒತ್ತಿದರೆ ಹನ್ನೊಂದು ಬೀಳುತ್ತಿತ್ತು. ನೆಂಟ ಬೇರೆ, ನುಂಗಲೂ ಆಗದ ಉಗುಳಲೂ ಆಗದ ಬಿಸಿತುಪ್ಪ. ನಾಲ್ಕನೆಯವನೂ ಕೈಕೊಟ್ಟರೆ ಅಂಗಡಿ ಮುಚ್ಚಿ, ತರೀಕೆರೆಯ ಖಾಸಗಿ ಶಾಲೆಯೊಂದಕ್ಕೆ ಗುಮಾಸ್ತೆಯಾಗಿ ಹೋಗುವುದೆಂದು ಅವಳು ನಿಶ್ಚಯಿಸಿಬಿಟ್ಟಿದ್ದಳು.

ನಾಲ್ಕನೆಯವನು ಕಾಂತರಾಜು. ಅಜ್ಜಂಪುರದಲ್ಲಿ ಗೊಬ್ಬರದಂಗಡಿಯ ಮಹಡಿಯ ಮೇಲೆ ಕೂತು ಕೋಡ್ ಬರೆಯುವವನು. ಮೊದಲ ದಿನ ಲ್ಯಾಪ್‌ಟಾಪ್ ಇಲ್ಲದೆ, ಬರಿಯ ಒಂದು ನೋಟ್‌ಬುಕ್ ಹಿಡಿದು ಬಸ್ಸಿಳಿದ. ಸೌಟಿಲ್ಲದೆ ಅಡುಗೆಗೆ ಬಂದ ಭಟ್ಟ ಎಂದುಕೊಂಡಳು ಅನುಪಮಾ. ಅವನೋ ನೇರ ಅಡುಗೆಮನೆಗೆ ಹೋಗಿ ಮಣೆಯ ಮೇಲೆ ಕೂತು, ಒಂದು ಸಲಕ್ಕೆ ಎಷ್ಟು ಹುರಿಯುತ್ತೀರಿ, ಯಾವಾಗ ಕುಟ್ಟುತ್ತೀರಿ ಎಂದು ಅವ್ವನನ್ನು ಎರಡು ದಿನ ವಿಚಾರಿಸಿದ. ಕೇಳುವವನೊಬ್ಬ ಸಿಕ್ಕನಲ್ಲ ಎಂದು ಅವ್ವ ಹೇಳಿದ್ದೇ ಹೇಳಿದ್ದು. ಅನುಪಮಾ ಚುಚ್ಚಿದಾಗಲೆಲ್ಲ ಅವನು ತಲೆ ತಗ್ಗಿಸಿ ಬರೆಯುತ್ತಿದ್ದ, ತುಟಿಯ ಒಂದು ಕೊನೆ ಮಾತ್ರ ತುಸು ಮೇಲೇಳುತ್ತಿತ್ತು. ಅದನ್ನು ತಾನು ಗಮನಿಸಿದ್ದಕ್ಕೆ ಅವಳಿಗೆ ತನ್ನ ಮೇಲೇ ಸಿಟ್ಟು ಬಂತು.

ಆಮೇಲೆ ಎರಡು ತಿಂಗಳು ದಿನವೂ ಫೋನು. ಅವನು ತಪ್ಪದೆ ಎತ್ತುತ್ತಿದ್ದ, ತಪ್ಪದೆ ಬೈಸಿಕೊಳ್ಳುತ್ತಿದ್ದ. ಬೈಯಲು ಏನೂ ಸಿಗದ ದಿನ ಆರ್ಡರ್ ಬಟನ್ನಿನ ಹಸಿರು ಬೇಸಿಗೆಯ ಎಮ್ಮೆದೊಡ್ಡಿ ಹುಲ್ಲುಗಾವಲಿನಂತೆ ಒಣಗಿದೆ ಎಂದು ತಕರಾರು ತೆಗೆದಳು. ಮರುದಿನ ಹಸಿರು ಬದಲಾಗಿತ್ತು. ಅವಳಿಗೆ ಒಳಗೊಳಗೇ ಖುಷಿಯಾಯಿತು, ಹೊರಗೆ ಮೂಗು ಮುರಿದಳು.

ಹೊಸ ಸೈಟು ಶುರುವಾದ ಹತ್ತನೆಯ ದಿನ, ಬೆಳಿಗ್ಗೆ ನೋಡಿದರೆ ಆರ್ಡರ್ ಬಟನ್ನೇ ಇಲ್ಲ, ಅದರ ಜಾಗದಲ್ಲಿ ನಾಳೆ ಬನ್ನಿ ಎಂದಷ್ಟೇ ಇದೆ. ಕಾಂತರಾಜುವಿನ ಫೋನ್ ಸ್ವಿಚ್ ಆಫ್. ಅನುಪಮಾಳಿಗೆ ಅಂಗಡಿ ಹೋಯಿತೆಂಬ ದುಃಖಕ್ಕಿಂತ ಇವನೂ ಹೀಗೆ ಮಾಡಿದನಲ್ಲ ಎಂಬ ದುಃಖವೇ ಹೆಚ್ಚಾಗಿತ್ತು. ಅವ್ವ ಏನೋ ಹೇಳಲು ಬಾಯಿ ತೆರೆದರೆ ಕೇಳುವ ತಾಳ್ಮೆ ಎಲ್ಲಿತ್ತು. ಬೀರೂರಿನ ಮೇಲೆ ಹೋಗುವ ಬಸ್ಸು ಹತ್ತಿ ಅಜ್ಜಂಪುರದಲ್ಲಿ ಇಳಿದು, ಗೊಬ್ಬರದಂಗಡಿಯ ಮೆಟ್ಟಿಲನ್ನು ಎರಡೆರಡಾಗಿ ಹತ್ತಿದಳು.

ಅವನು ಕಿಟಕಿಯ ಬೆಳಕಿನಲ್ಲಿ ಕೂತಿದ್ದ. ಅವಳು ದಾರಿಯುದ್ದಕ್ಕೂ ಕೂಡಿಟ್ಟದ್ದನ್ನೆಲ್ಲ ಅವನ ತಲೆಯ ಮೇಲೆ ಸುರಿದಳು. ಅವನು ಪೂರ್ತಿ ಕೇಳಿದ.

“ಬೆಳಗ್ಗೆಯಿಂದ ಕರೆಂಟಿಲ್ಲ, ಫೋನ್ ಸತ್ತೋಗಿದೆ,” ಎಂದ. “ಸೈಟ್ ಸತ್ತಿಲ್ಲ. ಇವತ್ತು ಅಮಾಸೆ ಕಣ್ರೀ.”

ನೋಟ್‌ಬುಕ್ ತೆರೆದು ತೋರಿಸಿದ. ಅಮಾವಾಸ್ಯೆಗೆ ಬಾಣಲೆ ಇಡುವುದಿಲ್ಲ, ಕುಟ್ಟುವುದಿಲ್ಲ ಎಂದು ಅವ್ವ ಹೇಳಿದ್ದನ್ನು ಬರೆದು ಕೆಳಗೆ ಗೆರೆ ಎಳೆದಿದ್ದ. ಅವತ್ತು ಸೈಟು ಆರ್ಡರ್ ತೆಗೆದುಕೊಳ್ಳದೆ ಗಿರಾಕಿಗಳಿಗೆ ನಾಳೆ ಬನ್ನಿ ಎನ್ನುತ್ತದೆ. ಬೆಳಿಗ್ಗೆಯೇ ಫೋನ್ ಮಾಡಿ ಹೇಳಬೇಕೆಂದಿದ್ದನಂತೆ.

ಅನುಪಮಾ ಆ ಪುಟವನ್ನೇ ನೋಡುತ್ತ ನಿಂತಳು. ತಿಂಗಳಿಗೊಮ್ಮೆ ಮಾತು ತಪ್ಪುತ್ತಿದ್ದದ್ದು ಯಾಕೆಂದು ಈಗ ಹೊಳೆಯಿತು. ಹಿಂದಿನ ಮೂವರಿಗೂ ಅವಳು ಇದನ್ನು ಹೇಳಿರಲಿಲ್ಲ. ಅವರ ಮನೆಯಲ್ಲಿ ಅದು ಯಾರೂ ಯಾರಿಗೂ ಹೇಳುವ ಸಂಗತಿಯಲ್ಲ. ಜಗತ್ತೆಲ್ಲ ಅದನ್ನು ತಿಳಿದುಕೊಂಡೇ ಹುಟ್ಟಿದೆ ಎಂದು ನಂಬಿದ್ದ ದಡ್ಡಿ ತಾನು. ಊರಿಗೆಲ್ಲ ಹಂಚಿದ ತಾತ್ಸಾರದಲ್ಲಿ ಒಂದು ಪಾಲು ಇವತ್ತು ಅವಳಿಗೂ ಬಂತು.

“ಎಲ್ಲಾ ಸರಿ ಹೋಯ್ತು,” ಎಂದ ಕಾಂತರಾಜು ಮೆಲ್ಲಗೆ. “ಇನ್ಮೇಲೆ ನಂಗೆ ಫೋನ್ ಮಾಡೋ ಅಗತ್ಯ ಬರಲ್ಲ.”

ಅಂಗಡಿ ಉಳಿಯಿತು. ಕುಣಿದಾಡಬೇಕಾದವಳು ನಾಳೆ ಫೋನ್ ಮಾಡಲು ನೆಪ ಹುಡುಕಿದಳು.

“ಆ ಬಟನ್ ಬಣ್ಣ ಇನ್ನೂ ಚೆನ್ನಾಗಿಲ್ಲ,” ಎಂದಳು.

ಅವನು ತಲೆಯೆತ್ತಿದ. ಎರಡು ತಿಂಗಳಲ್ಲಿ ಮೊದಲ ಬಾರಿಗೆ ಅವಳ ಕಣ್ಣನ್ನೇ ನೇರ ನೋಡಿದ. “ಬಟನ್ ಬಿಡ್ರೀ. ನಾನು ಚೆನ್ನಾಗಿದೀನಾ?”

ಅವಳ ಕಿವಿ ಕೆಂಪಾದವು. “ನಿಮ್ಮಂಥ ಪೆದ್ದನ್ನ ನಾನು ನೋಡಿಲ್ಲ. ದಿನಾ ಫೋನ್ ಮಾಡ್ತಿದ್ದಿದ್ದು ಬಟನ್ನಿಗೆ ಅಂದ್ಕೊಂಡ್ರಾ?”

“ಅಂದ್ಕೊಂಡಿರ್ಲಿಲ್ಲ. ಕೆಲಸಕ್ಕೆ ಬಂದೋನು ಕೆಲಸ ಮುಗಿಸ್ದೆ ಅದನ್ನ ಹೇಳಬಾರ್ದು ಅಂತ ಸುಮ್ನಿದ್ದೆ. ಇವತ್ತು ಮುಗೀತು. ನೀವಂದ್ರೆ ನಂಗೆ ಇಷ್ಟ.”

ಕೆಳಗೆ ಅಂಗಡಿಯವನು ಯೂರಿಯಾ ಮೂಟೆಗಳನ್ನು ಧೊಪ್ಪಧೊಪ್ಪನೆ ಇಳಿಸುತ್ತಿದ್ದ.

“ಇಷ್ಟು ಹೇಳೋಕೆ ಎರಡು ತಿಂಗಳು ತಗೊಂಡ್ರಲ್ಲ,” ಎಂದಳು ಅನುಪಮಾ. “ನೀವೂ ಆ ಮೂವರು ಪ್ರೋಗ್ರಾಮರ್‌ಗಳ ಪೈಕೀನೇ.” ಹಾಗೆಂದು, ಅವನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡು ಕೂತಳು.