ಅಂತಃಕರಣಾಂಕ

ಗಂಗವ್ವಜ್ಜಿಯ ಉಸಿರು ನಿಂತದ್ದನ್ನು ಆ ಮನೆಯಲ್ಲಿ ಮೊದಲು ಅರಿತದ್ದು ಮೊಮ್ಮಗಳ ಕೈಪಟ್ಟಿ. ಅಜ್ಜಿಯ ಅಂಗೈ ಹಿಡಿದು ಕುಳಿತಿದ್ದ ನೀಲಾಂಬಿಕೆಯ ನಾಡಿ ಒಮ್ಮೆ ತಪ್ಪಿ ಬಡಿಯಿತು. ಪಟ್ಟಿಯ ಅಂಚಿನಲ್ಲಿ ಹಸಿರು ದೀಪ ಮಿನುಗಿ, ‘ಮಹತ್ವದ ಗಳಿಗೆ: ದಾಖಲೆ ಆರಂಭ’ ಎಂಬ ಅಕ್ಷರಗಳು ಮೂಡಿದವು. ಮನೆಯವರು ಬಾಯಿಗೆ ನೀರು ಬಿಡಲು ಬಂದದ್ದು ಆಮೇಲೆ.

ಆ ಪಟ್ಟಿಯ ಹೆಸರು ಸಾಧ್ಯತಾಮಾಪಕ. ಉತ್ತುಂಗ ವಿಶ್ವವಿದ್ಯಾಲಯಕ್ಕೆ ಸೇರಬಯಸುವ ಪ್ರತಿಯೊಬ್ಬರೂ ಹತ್ತನೆಯ ತರಗತಿ ಮುಗಿದೊಡನೆ ಅದನ್ನು ಕಟ್ಟಿಕೊಳ್ಳಬೇಕಿತ್ತು. ಪರೀಕ್ಷೆಯ ಅಂಕಗಳಿಗೆ ಬೆಲೆ ಹೋಗಿ ಬಹುಕಾಲವಾಗಿತ್ತು. ಬೋಧಕಯಂತ್ರಗಳ ಕೃಪೆಯಿಂದ ಎಲ್ಲರಿಗೂ ನೂರಕ್ಕೆ ನೂರು. ಲಕ್ಷಾಂತರ ನೂರುಗಳ ನಡುವೆ ಮುನ್ನೂರು ಜನರನ್ನು ಆರಿಸುವುದು ಹೇಗೆ? ಹೃದಯವನ್ನೇ ಅಳೆಯೋಣ ಎಂದರು ವಿಜ್ಞಾನಿಗಳು. ನಾಡಿ, ಬೆವರು, ಕಂಠದ ಕಂಪನಗಳಿಂದ ಲೆಕ್ಕ ಹಾಕಿದ ಸಂಖ್ಯೆಯೇ ಅಂತಃಕರಣಾಂಕ. ಅದು ಏರಿದರೆ ಪ್ರವೇಶದ ಸಾಧ್ಯತೆ ಏರುತ್ತಿತ್ತು, ಇಳಿದರೆ ಇಳಿಯುತ್ತಿತ್ತು. ಏರಿಳಿತವನ್ನೆಲ್ಲ ತಂದೆತಾಯಿಯರು ತಮ್ಮ ಫೋನಿನಲ್ಲಿ ನೋಡುತ್ತ ಕೂರಬಹುದಿತ್ತು. ಗದಗಿನ ಅನಾಥಾಶ್ರಮದ ಮುಂದೆ ಕೂಸುಗಳ ತಲೆ ನೇವರಿಸಲು ಸರದಿ ನಿಂತಿರುತ್ತಿತ್ತು. ನೇವರಿಸಿಕೊಂಡು ನೇವರಿಸಿಕೊಂಡು ಆ ಕೂಸುಗಳಿಗೆ ಯಾರಾದರೂ ಕೈ ಎತ್ತಿದರೆ ಸಾಕು, ಅಳು ಬರುತ್ತಿತ್ತು.

ಗಂಗವ್ವ ಶ್ರಾವಣ ಶ್ರಾವಣವೂ ಮಠದಲ್ಲಿ ಪುರಾಣ ಕೇಳಿ ಹಣ್ಣಾದ ಜೀವ. “ನಾ ಹೋದಾಗ ಯಾರೂ ಅಳಬ್ಯಾಡ್ರಿ,” ಎಂದು ಮೊದಲೇ ಹೇಳಿಟ್ಟಿದ್ದಳು. “ಲಿಂಗದಾಗ ಬೆರಿಯಾಕ ಹೊಂಟಾಕಿ ದಾರಿಗೆ ಕಣ್ಣೀರ ಚೆಲ್ಲಿ ಕಾಲ ಜಾರಿಸಬ್ಯಾಡ್ರಿ. ಹಾಡ್ರಿ.”

ಹಾಗೆಯೇ ಆಯಿತು. ಅಜ್ಜಿಯನ್ನು ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಧರಿಸಿ, ಮಲ್ಲಿಗೆಯ ಮಾಲೆ ಹಾಕಿದರು. ಭಜನೆಯವರು ತಾಳ ಹಿಡಿದು ಸುತ್ತ ಕುಳಿತರು. ಮುಂದಾಗಿ ಪದ ಎತ್ತಿದವಳು ನೀಲಾ. ಅಜ್ಜಿ ಕಲಿಸಿದ ಪದಗಳೇ ಎಲ್ಲ. ಗಂಗವ್ವನ ಮಗಳು, ನೀಲಾಳ ತಾಯಿ ದಾಕ್ಷಾಯಣಿ, ಹಿಂದಿನಿಂದ ದನಿಗೂಡಿಸಿದಳು. ಹಾಡುತ್ತ ಹಾಡುತ್ತ ನೀಲಾಳ ಎದೆ ಹಗುರಾಯಿತು, ನಾಡಿ ತಿಳಿಯಾಯಿತು.

ನೀಲಾಳ ತಂದೆ ಮಲ್ಲೇಶಪ್ಪ ಅತ್ತೆಯನ್ನು ಕೂರಿಸಿ ಹೊತ್ತ ವಿಮಾನಕ್ಕೆ ಹೆಗಲು ಕೊಟ್ಟಿದ್ದ. ಒಂದು ಕೈಯಲ್ಲಿ ಫೋನಿತ್ತು. ಭಜನೆಗೆ ಮೊದಲು ನೂರಕ್ಕೆ ಎಪ್ಪತ್ತೊಂದು ಇದ್ದ ಸಾಧ್ಯತೆ, ಸಮಾಧಿಗೆ ಮಣ್ಣು ಹಾಕುವ ಹೊತ್ತಿಗೆ ಹನ್ನೊಂದಕ್ಕೆ ಇಳಿದಿತ್ತು. ಮೂವತ್ತಕ್ಕಿಂತ ಕಡಿಮೆಯಾದರೆ ಅರ್ಜಿಯನ್ನು ತೆರೆದೂ ನೋಡುತ್ತಿರಲಿಲ್ಲ.

ಮರುದಿನವೇ ಅವನು ಮಗಳನ್ನು ಕರೆದುಕೊಂಡು ಮಾಪನ ಕೇಂದ್ರಕ್ಕೆ ಹೋದ. ಯಂತ್ರವನ್ನು ರೂಪಿಸಿದವರಲ್ಲಿ ಒಬ್ಬರಾದ ಡಾ. ಸುಹಾಸಿನಿ ಅಲ್ಲಿ ಮುಖ್ಯಸ್ಥೆ.

“ಏನ್ರೀ ಮೇಡಮ್, ನಮ್ಮ ಹುಡುಗಿಗೆ ಕರುಳ ಇಲ್ಲ ಅಂತೇತಲ್ರೀ ನಿಮ್ಮ ಯಂತ್ರ!”

ಸುಹಾಸಿನಿ ಪರದೆಯ ಮೇಲಿನ ಗೆರೆಗಳನ್ನು ನೋಡಿದರು. “ಸಾವಿನ ಮನೆ. ನಾಡಿ ಶಾಂತ, ಕಂಠ ಇಂಪು. ಇಂಥದ್ದನ್ನು ಯಂತ್ರ ಲಕ್ಷಾಂತರ ಸಾವುಗಳಲ್ಲಿ ಕಂಡಿಲ್ಲ. ನಿರ್ದಯೆ ಅಂತ ಅದು ತಿಳಿದುಕೊಂಡಿದೆ.”

“ಆಕಿ ಹಾಡ್ಯಾಳ್ರೀ! ನಮ್ಮಲ್ಲಿ ಹಂಗ ಮಾಡ್ತಾರ. ಹಾಡಿನ ಅರ್ಥ ತಿಳಿಯಂಗಿಲ್ಲೇನು ಅದಕ?”

“ಮಾತಿನ ಅರ್ಥ ಅದಕ್ಕೆ ತಿಳಿಯಬಾರದು ಅಂತಲೇ ಮಾಡಿದ್ದೇವೆ. ಮೊದಲು ತಿಳಿಯುತ್ತಿತ್ತು. ಆಗ ಎಲ್ಲರೂ ಮಕ್ಕಳಿಗೆ ಒಳ್ಳೆಯ ಮಾತು ಬಾಯಿಪಾಠ ಮಾಡಿಸಿದರು. ಮಾತು ಸುಳ್ಳು ಹೇಳುತ್ತದೆ, ದೇಹ ಹೇಳುವುದಿಲ್ಲ. ಅದಕ್ಕೇ ಕಿವಿ ಇಟ್ಟು, ಅರ್ಥ ತೆಗೆದೆವು.”

ನೀಲಾ ಮೊದಲ ಬಾರಿಗೆ ಬಾಯಿ ತೆರೆದಳು. “ಅಜ್ಜಿ ಮ್ಯಾಲ ನನಗ ಪ್ರೀತಿ ಇತ್ತೋ ಇಲ್ಲೋ, ನನ್ನ ಕೇಳಿದ್ರ ಹೇಳತಿದ್ದೆನಲ್ರೀ.”

“ಕೇಳೋದಕ್ಕೆ ನಮಗೆ ವೇಳೆ ಎಲ್ಲಿದೆಯಮ್ಮ?” ಎಂದರು ಸುಹಾಸಿನಿ ಮೆತ್ತಗೆ. ಮತ್ತೆ ತಂದೆಯತ್ತ ತಿರುಗಿ, “ಒಂದು ದಾರಿ ಇದೆ. ಕೆಲವರಿಗೆ ದುಃಖ ತಡವಾಗಿ ಬರುತ್ತದೆ. ವಿಳಂಬಶೋಕ ಅಂತ ಅದನ್ನು ಯಂತ್ರ ಒಪ್ಪುತ್ತದೆ. ವಾರದೊಳಗೆ ಅಳಬೇಕು, ಅಷ್ಟೆ,” ಎಂದರು.

ಮಲ್ಲೇಶಪ್ಪ ತನ್ನ ತಂಗಿ ಶಂಕ್ರವ್ವನನ್ನು ಹಳ್ಳಿಯಿಂದ ಕರೆಸಿದ. ಯಾರು ಸತ್ತರೂ ಎದೆ ಬಡಿದುಕೊಂಡು ಅಳುವುದರಲ್ಲಿ ಆಕೆ ಹೆಸರುವಾಸಿ. ನೀಲಾಳೊಂದಿಗೆ ಮೂವರೂ ಸಮಾಧಿಗೆ ಹೋದರು. ಗಂಗವ್ವ ಬದುಕಿದ್ದಾಗ ಶಂಕ್ರವ್ವ ಅವಳೊಡನೆ ಮಾತು ಬಿಟ್ಟಿದ್ದಳು. ಈಗ ಹಸಿ ಮಣ್ಣಿನ ಮೇಲೆ ಬಿದ್ದು ಹೊರಳಿ, “ನನ್ನವ್ವಾ, ನಮ್ಮನ್ನ ಬಿಟ್ಟು ಹೆಂಗ ಹೋದಿ” ಎಂದು ರಾಗ ತೆಗೆದಳು. ನಡುವೆ ಒಮ್ಮೆ ನಿಲ್ಲಿಸಿ, “ಏರೇತೇನೋ ಅಣ್ಣಾ?” ಎಂದು ಕೇಳಿದಳು.

“ಎಲ್ಲಿ ಏರತೈತಿ? ಒಂಬತ್ತು ಆಗೇತಿ.”

ಮಲ್ಲೇಶಪ್ಪ ನೀಲಾಳನ್ನು ಬೇಡಿಕೊಂಡ, ಬೈದ. ಅಜ್ಜಿ ತುತ್ತು ಉಣಿಸಿದ್ದನ್ನು ನೆನಪಿಸಿದ. ಕಡೆಗೆ ಅವಳ ಎರಡೂ ಭುಜ ಹಿಡಿದು ಅಲುಗಾಡಿಸಿದ.

“ಕೇಳಿಲ್ಲಿ. ಆಪರೇಶನ್ ಮಾಡಿದ್ರ ಉಳೀತಾಳ ಅಂದಿದ್ದ ಡಾಕ್ಟರ್. ನಿನ್ನ ಅರ್ಜಿ ಮುಗೀಲಿ, ಅಲ್ಲೀತನಕ ಮನ್ಯಾಗ ಗದ್ದಲ ಬ್ಯಾಡ ಅಂತ ನಾನ ಮುಂದ ಹಾಕಿದೆ. ನಿಮ್ಮವ್ವಗೂ ಹೇಳಿಲ್ಲ. ನಿನ್ನ ಸಲುವಾಗಿ ಸತ್ತಾಳ ಆಕಿ! ಈಗರ ಅಳು!”

ನೀಲಾ ಅಳಲಿಲ್ಲ. ಎರಡು ಹೆಜ್ಜೆ ಓಡಿ, ಬೇಲಿಯ ಗೂಟ ಹಿಡಿದು ವಾಂತಿ ಮಾಡಿಕೊಂಡಳು. ಓಕರಿಕೆಯ ಹೊಡೆತಕ್ಕೆ ಕಣ್ಣಿನಿಂದ, ಮೂಗಿನಿಂದ ನೀರು ಸುರಿಯಿತು. ಮೈ ಬೆವರಿತು, ಗಂಟಲಿನಿಂದ ಬಿಕ್ಕಳಿಕೆಯಂಥ ಸದ್ದು ಹೊರಟಿತು. ಒಳಗೆ ಏನೂ ಉಳಿಯದಿದ್ದರೂ ಹೊಟ್ಟೆ ಹಿಂಡುತ್ತಲೇ ಇತ್ತು.

“ಅಪ್ಪಾ, ನೀ ಹೇಳಿದ್ದು ಖರೇ ಏನು?” ಎಂದಳು, ಬಾಯಿ ಒರೆಸಿಕೊಂಡು.

“ಎಂಬತ್ನಾಲ್ಕು!” ಎಂದು ಕೂಗಿದ ಮಲ್ಲೇಶಪ್ಪ. “ಶಂಕ್ರವ್ವಾ, ಎಂಬತ್ನಾಲ್ಕು!”

ನೀಲಾ ದಾರಿಯಲ್ಲಿ ತಂದೆಯನ್ನು ಮತ್ತೆ ಕೇಳಿದಳು. “ನಿನ್ನ ಅಳಸಾಕ ಏನೋ ಒಂದು ಹೇಳಿದೆ. ಅದನ್ನ ಹಿಡಕೊಂಡು ಕೂಡಬ್ಯಾಡ,” ಎಂದ. ಖರೆಯೋ ಸುಳ್ಳೋ ತಿಳಿಯದ ಆ ಮಾತನ್ನು ತಾಯಿಯ ಮುಂದೆ ಇಡಲು ನೀಲಾಳಿಗೆ ನಾಲಗೆ ಏಳಲಿಲ್ಲ. ಅಂದಿನಿಂದ ತಂದೆಯ ತಾಟಿನ ಎದುರು ಕುಳಿತು ಉಣ್ಣುವುದು ಮಾತ್ರ ಅವಳಿಂದ ಆಗಲಿಲ್ಲ.

ಪ್ರವೇಶ ಸಿಕ್ಕಿತು. ಮನೆ ತುಂಬ ಜನ. ಆಯ್ಕೆಯಾದವರ ಮನೆಗೆ ವಿಶ್ವವಿದ್ಯಾಲಯ ಒಂದು ಉಡುಗೊರೆ ಕಳಿಸುತ್ತಿತ್ತು: ವಿದ್ಯಾರ್ಥಿಯ ಅಂತಃಕರಣ ಅತ್ಯಂತ ಎತ್ತರಕ್ಕೆ ಏರಿದ ಗಳಿಗೆಯ ಧ್ವನಿ. ಆರಿಸಿದ್ದು ಯಂತ್ರ. ಕಳಿಸಿದ್ದೂ ಯಂತ್ರ. ಅರ್ಥ ಬಲ್ಲ ಒಂದು ಕಿವಿಯೂ ನಡುವೆ ಅದನ್ನು ಕೇಳಿರಲಿಲ್ಲ. ಬಂದವರಿಗೆ ಅದನ್ನು ಕೇಳಿಸುವುದು ಊರಲ್ಲೊಂದು ಪದ್ಧತಿಯೇ ಆಗಿತ್ತು.

“ಹಚ್ಚಬ್ಯಾಡಬೇ,” ಎಂದಳು ನೀಲಾ.

“ನಮ್ಮವ್ವನ ನೆನಸಿ ಅತ್ತದ್ದಂತ. ನಾ ಕೇಳಬೇಕವಾ,” ಎಂದು ದಾಕ್ಷಾಯಣಿ ಗುಂಡಿ ಒತ್ತಿದಳು.

ಪೇಢೆಯ ತಾಟು ಹಿಡಿದು ಮಲ್ಲೇಶಪ್ಪ ಒಳಗೆ ಬರುವುದಕ್ಕೂ ಅವನದೇ ಧ್ವನಿ ಗೋಡೆಗಳಿಂದ ಮೊಳಗುವುದಕ್ಕೂ ಸರಿಹೋಯಿತು. ಡಾಕ್ಟರ್ ಅಂದದ್ದು, ತಾನು ಮುಂದೆ ಹಾಕಿದ್ದು, ಎಲ್ಲವೂ. ಕೊನೆಗೆ ಓಕರಿಕೆ, ಬಿಕ್ಕಳಿಕೆ.

ಪಕ್ಕದ ಮನೆಯ ಕಮಲಾಕ್ಷಿಯ ಮಗಳು ಆ ವರ್ಷ ಹನ್ನೆರಡನೆಯ ತರಗತಿಯಲ್ಲಿದ್ದಳು. ಆಕೆ ಸೆರಗಿನಿಂದ ಕಣ್ಣೊರೆಸಿಕೊಂಡು, “ಎಂಥಾ ಉಪಾಯ ಹೂಡಿರ್ರೀ ಅಣ್ಣಾರ! ಕಲ್ಲೂ ಅಳಬೇಕು ನೋಡ್ರಿ,” ಎಂದಳು. ಕೂತವರೆಲ್ಲ ತಲೆದೂಗಿದರು.

ದಾಕ್ಷಾಯಣಿ ಗಂಡನನ್ನೇ ನೋಡುತ್ತಿದ್ದಳು. ಬಹಳ ಸಾದಾ ದನಿಯಲ್ಲಿ, ಸಂತೆಗೆ ಹೋದವನನ್ನು ಏನು ತಂದೆ ಎಂದು ಕೇಳುವವಳಂತೆ, ಕೇಳಿದಳು.

“ಯಾವ ಡಾಕ್ಟರ್?”

“ಮೇಟಿ ಡಾಕ್ಟರ್,” ಎಂದುಬಿಟ್ಟ ಮಲ್ಲೇಶಪ್ಪ.

ದಾಕ್ಷಾಯಣಿ ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು. ನೀಲಾ ಓಡಿಬಂದು ತಾಯಿಯ ತಲೆಯನ್ನು ಎದೆಗೆ ಒತ್ತಿಕೊಂಡಳು.

ಕಮಲಾಕ್ಷಿ ಪೇಢೆ ಬಾಯಿಗಿಟ್ಟುಕೊಂಡು, ಕೈಪಟ್ಟಿ ಕಟ್ಟಿದ್ದ ತನ್ನ ಮಗಳನ್ನು ಮುಂದಕ್ಕೆ ದೂಡಿದಳು. “ಇನ್ನೊಮ್ಮೆ ಹಚ್ರೀ, ನಮ್ಮ ಹುಡುಗಿ ಚಂದಂಗ ಕೇಳಲಿ.”