ಮೌನಿಯ ಜೊತೆ ಬಂದವರು

"ಹಂಗಾದ್ರ ಮ್ಯಾಚ್ ಇಲ್ಲ. ಮುಗೀತು!" ಎಂದು ಅಮರಗುಂಡಪ್ಪ ಸರ್ ಕೊರಳಲ್ಲಿದ್ದ ಸೀಟಿಯನ್ನು ತೆಗೆದು ಜೇಬಿಗೆ ಹಾಕಿಕೊಂಡರು.

ಮೈದಾನದಲ್ಲಿ ಸಾಲಾಗಿ ನಿಂತಿದ್ದ ಕಬಡ್ಡಿ ಟೀಮಿನ ಹುಡುಗಿಯರ ಮುಖ ಸಪ್ಪಗಾಯಿತು. ನಾಡಿದ್ದು ಲಿಂಗಸುಗೂರಿನಲ್ಲಿ ಮ್ಯಾಚ್. ಸಿಂಧನೂರು ತಾಲೂಕಿಗೆಲ್ಲ ಮೊದಲು ಬಂದಿದ್ದ ಅವರು ಅಲ್ಲಿಯೂ ಗೆದ್ದರೆ ರಾಯಚೂರಿಗೆ ಹೋಗಬಹುದಿತ್ತು. ಆದರೆ ಹುಡುಗಿಯರು ಹೊರಗೆ ಹೋಗುವಾಗ ಜೊತೆಗೆ ದೊಡ್ಡವರೊಬ್ಬರು, ಅದೂ ಹೆಣ್ಣುಮಗಳು, ಇರಲೇಬೇಕು. ಪ್ರತಿ ಸಲ ಹೋಗುತ್ತಿದ್ದ ಹಿಂದಿ ಮೇಡಂ ಬಚ್ಚಲಲ್ಲಿ ಜಾರಿ ಬಿದ್ದು, ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದರು.

"ಸಾರ್, ಯಾರದರ ಅವ್ವ ಬಂದ್ರ ನಡೀತೈತೇನ್ರಿ?" ಎಂದು ಟೀಮಿನ ಕ್ಯಾಪ್ಟನ್ ಶಿವಗಂಗಾ ಕೇಳಿದಳು.

"ನಡೀತೈತಿ. ಯಾರ ಅವ್ವ ಬರ್ತಾರ, ಹೇಳ್ರಿ."

ಹುಡುಗಿಯರು ಒಬ್ಬರ ಮುಖ ಒಬ್ಬರು ನೋಡಿದರು. ಕಾಲುವೆಗೆ ನೀರು ಬಿಟ್ಟಿದ್ದರು. ಎಲ್ಲರ ಗದ್ದೆಯಲ್ಲೂ ನಾಟಿ ಕೆಲಸ.

"ನಮ್ಮವ್ವ ನೆಲ್ಲು ಹಚ್ಚಾಕ ಹೋಗ್ಯಾಳ್ರಿ."

"ನಮ್ಮವ್ವನೂ ರೀ."

"ನಮ್ಮವ್ವ ಪ್ಯಾಟಿಗೇ ಬರಂಗಿಲ್ರಿ. ಲಿಂಗಸುಗೂರಿಗೆ ಎಲ್ಲಿ ಬರ್ತಾಳ?" ಎಂದಳು ಶಿವಗಂಗಾ. ಅವಳ ಅಪ್ಪನದು ದೊಡ್ಡ ಕಿರಾಣಿ ಅಂಗಡಿ.

ಸಾಲಿನ ಕೊನೆಯಲ್ಲಿ ಮೌನೇಶ್ವರಿ ನಿಂತಿದ್ದಳು. ಎಂಟನೇ ಕ್ಲಾಸಿನ ಹುಡುಗಿ. ಎಲ್ಲರೂ ಅವಳನ್ನು ಮೌನಿ ಎನ್ನುತ್ತಿದ್ದರು. ಟೀಮಿನಲ್ಲಿ ಅವಳಿಗಿಂತ ಜೋರಾದ ರೈಡರ್ ಇರಲಿಲ್ಲ. ಎದುರಾಳಿಗಳ ಅಂಗಳಕ್ಕೆ ನುಗ್ಗಿ "ಕಬಡ್ಡಿ ಕಬಡ್ಡಿ" ಎಂದರೆ ರಸ್ತೆಯ ತನಕ ಕೇಳುತ್ತಿತ್ತು. ಉಳಿದ ಹೊತ್ತಿನಲ್ಲಿ ಮಾತ್ರ ಹೆಸರಿಗೆ ತಕ್ಕಂತೆ ಸುಮ್ಮನಿರುತ್ತಿದ್ದಳು.

ಅವಳ ಮನೆಯಲ್ಲಿ ಒಬ್ಬರಲ್ಲ, ಇಬ್ಬರಿದ್ದರು. ಕೇಳಿದರೆ ಇಬ್ಬರೂ ಬರುತ್ತಿದ್ದರು. ಆದರೂ ಅವಳು ಬಾಯಿ ತೆರೆಯಲಿಲ್ಲ.

ಮೌನಿ ಇದ್ದುದು ರೈಸ್ ಮಿಲ್ಲಿನ ಓಣಿಯಲ್ಲಿ, ಗದ್ದೆಮ್ಮ ಮತ್ತು ಬಸವಣ್ಣೆಮ್ಮನ ಮನೆಯಲ್ಲಿ. ಅವರಿಬ್ಬರು ಅಕ್ಕತಂಗಿಯರಲ್ಲ. ಒಬ್ಬನನ್ನೇ ಮದುವೆಯಾಗಿದ್ದ ಸವತಿಯರು. ಗಂಡ ತೀರಿಕೊಂಡಾಗ, ಇನ್ನು ಇವರು ಜುಟ್ಟು ಹಿಡಿದು ಜಗಳಾಡುತ್ತಾರೆ ಎಂದು ಓಣಿಯವರೆಲ್ಲ ಕಾದರು. ಕಾದವರಿಗೆ ನಿರಾಸೆಯಾಯಿತು. ಅವರಿಬ್ಬರೂ ಸೇರಿ ಮುಂದಿನ ಕೋಣೆಯಲ್ಲಿ ಒಲೆ ಹೂಡಿ ಜೋಳದ ರೊಟ್ಟಿಯ ಅಂಗಡಿ ತೆರೆದರು. ಒಬ್ಬಳು ಬಡಿದರೆ ಇನ್ನೊಬ್ಬಳು ಬೇಯಿಸುತ್ತಿದ್ದಳು.

ಅದೇ ಮನೆಯಲ್ಲಿ ವಾಸಿಂ ಇದ್ದ. ಅವನು ಕ್ರೂಸರ್ ಗಾಡಿಯ ಡ್ರೈವರ್. ಮೊದಲು ಊಟಕ್ಕೆಂದು ಅಂಗಡಿಗೆ ಬರುತ್ತಿದ್ದ. ಒಮ್ಮೆ ಕಾಮಾಲೆಯಾಗಿ ಹಾಸಿಗೆ ಹಿಡಿದ. ನೋಡಿಕೊಳ್ಳಲು ಅವನಿಗೆ ಯಾರೂ ಇಲ್ಲ ಎಂದು ತಿಳಿದು ಇಬ್ಬರೂ ಮನೆಗೆ ಕರೆತಂದರು. ಗುಣವಾದ ಮೇಲೂ ಅವನು ಹೋಗಲಿಲ್ಲ. ಇವರೂ ಹೋಗು ಎನ್ನಲಿಲ್ಲ.

ಕೊನೆಗೆ ಬಂದವಳು ಮೌನಿ. ಅವಳ ಅವ್ವ ಅಮರಮ್ಮ ತುರ್ವಿಹಾಳದಿಂದ ದಿನಾ ಬಸ್ಸಿಗೆ ಬಂದು ಅದೇ ಅಂಗಡಿಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಹೋದ ವರ್ಷ ಜ್ವರ ಬಂದು ತೀರಿಕೊಂಡಳು. ಅಪ್ಪನ ಮುಖ ಮೌನಿಗೆ ನೆನಪಿರಲಿಲ್ಲ. ಅವ್ವನ ಕಾರ್ಯ ಮುಗಿದ ಮೇಲೆ, ಈ ಹುಡುಗಿಯನ್ನು ಯಾರು ಇಟ್ಟುಕೊಳ್ಳಬೇಕು ಎಂದು ನೆಂಟರು ಚರ್ಚೆ ಮಾಡುತ್ತ ಕುಳಿತಿದ್ದರು. ಗದ್ದೆಮ್ಮ ಎದ್ದು ಹೋಗಿ ಮೌನಿಯ ಬ್ಯಾಗನ್ನು ವಾಸಿಂನ ಗಾಡಿಯಲ್ಲಿಟ್ಟಳು. "ಹತ್ತವ್ವ," ಎಂದಳು. ಅಷ್ಟೇ.

ಆ ಮನೆಯಲ್ಲಿ ಮೌನಿಗೆ ಯಾವುದೂ ಕಡಿಮೆಯಿರಲಿಲ್ಲ. ಆದರೆ "ಅವರು ನಿನಗ ಏನಾಗಬೇಕಲೇ?" ಎಂದು ಶಾಲೆಯಲ್ಲಿ ಯಾರಾದರೂ ಕೇಳಿದರೆ ಮಾತನ್ನು ಬೇರೆ ಕಡೆ ತಿರುಗಿಸುತ್ತಿದ್ದಳು. ಅವರನ್ನು ಏನೆಂದು ಕರೆಯಬೇಕೋ ಅದೂ ತಿಳಿಯದು. ಹತ್ತಿರ ಹೋಗಿ ನಿಂತು, "ಏನ್ರಿ..." ಎಂದು ಮಾತು ಶುರುಮಾಡುತ್ತಿದ್ದಳು.

"ಬರಂಗಿಲ್ಲ ಅಂತ ನಾಳಿ ಫೋನ್ ಮಾಡಿ ಹೇಳಿಬಿಡ್ತೀನಿ," ಎನ್ನುತ್ತ ಸರ್ ಗಾಡಿ ನಿಲ್ಲಿಸಿದ ಕಡೆ ನಡೆದರು. ಟೀಮಿನಲ್ಲಿ ಎಲ್ಲರಿಗಿಂತ ಸಣ್ಣವಳಾದ ಭಾರತಿ ತೋಳಿನಿಂದ ಕಣ್ಣೊರೆಸಿಕೊಂಡಳು. ಶಿವಗಂಗಾ ಗೋಡೆಯ ಕಡೆ ಮುಖ ಮಾಡಿ ನಿಂತಳು.

ಮೌನಿ ಓಡಿದಳು. ಸರ್ ಗಾಡಿಗೆ ಕಿಕ್ ಹೊಡೆಯುತ್ತಿದ್ದರು.

"ಸಾರ್, ನಮ್ಮನ್ಯಾಗ ಇಬ್ರು ಅದಾರ್ರಿ. ಬರ್ತಾರ್ರಿ."

"ಇಬ್ರಾ? ಏನಾಗಬೇಕವ್ವ ನಿನಗ?"

ಮೌನಿ ಕಾಲ್ಬೆರಳಿನಿಂದ ಮಣ್ಣು ಕೆದಕಿದಳು. "ಇಬ್ರೂ ರೊಟ್ಟಿ ಮಾಡ್ತಾರ್ರಿ," ಎಂದಳು.

ಸರ್ ನಕ್ಕುಬಿಟ್ಟರು. "ಭೇಷಾತು ಬಿಡು. ಊಟದ ಚಿಂತಿನೂ ಹೋತು."

ಮನೆಯಲ್ಲಿ ಸುದ್ದಿ ಹೇಳಿದ್ದೇ ತಡ, ಗದ್ದೆಮ್ಮ ಪಟಕ್ಕನೆ ಕೈ ತೊಳೆದುಕೊಂಡಳು. "ಬಸವಣ್ಣಿ, ನೀ ಅಂಗಡಿ ನೋಡ್ಕೊ. ನಾ ಹೋಗಿ ಬರ್ತೀನಿ."

"ಯಾಕಬೇ ಅಕ್ಕಾ? ಲಿಂಗಸುಗೂರು ನಿಮ್ಮಪ್ಪ ನಿನಗ ಬರಕೊಟ್ಟಾನೇನು? ನಾನೂ ಬರ್ತೀನಿ."

"ಇಬ್ರೂ ಹೋದ್ರ ಒಲಿ ಹಚ್ಚೋರು ಯಾರು?"

"ಒಂದಿನ ಒಲಿನೂ ಉಪವಾಸ ಇರ್ಲಿ ಬಿಡು."

ವಾಸಿಂ ತಟ್ಟೆಯಿಂದ ತಲೆಯೆತ್ತಿದ. "ದೊಡ್ಡವ್ವಾ, ಸಣ್ಣವ್ವಾ, ಜಗಳ ಬ್ಯಾಡ. ಗಾಡಿ ನಂದು. ಟೀಮ್ ಎಲ್ಲಾ ಹಿಡಸ್ತದ, ನೀವಿಬ್ರೂ ಹಿಡಸ್ತೀರಿ."

ಮೌನಿ ತಲೆ ಕೆರೆದುಕೊಂಡಳು. ಒಬ್ಬರನ್ನು ಕೇಳಿದರೆ ಇಡೀ ಮನೆಯೇ ಹೊರಟಿತ್ತು.

ಮ್ಯಾಚಿನ ದಿನ ಬೆಳಿಗ್ಗೆ ಅವಳು ಬೂಟು ಹಾಕಿಕೊಂಡು ಹೊರಗೆ ಬಂದಳು. ಅಂಗಡಿಯ ಶಟರ್ ಮುಚ್ಚಿತ್ತು. ಅದರ ಮೇಲೆ ಸೀಮೆಸುಣ್ಣದಲ್ಲಿ ದಪ್ಪ ಅಕ್ಷರಗಳು: 'ಇವತ್ತು ರೊಟ್ಟಿ ಇಲ್ಲ. ಮಗಳ ಮ್ಯಾಚ್ ಐತಿ.'

"ಇದನ್ನ ಯಾರು ಬರದ್ರು, ವಾಸಿಮಣ್ಣಾ?"

"ನಾನ ಬರದೆ. ಸಣ್ಣವ್ವ ಹೇಳಿದ್ಲು. ಯಾಕ, ಕಾಗುಣಿತ ತಪ್ಪೈತೇನು?"

"ಇಲ್ಲ," ಎಂದಳು ಮೌನಿ. ಆದರೂ ಗಾಡಿಯ ಹಾರ್ನ್ ಆಗುವವರೆಗೆ ಅದನ್ನೇ ಓದುತ್ತ ನಿಂತಳು.

ಲಿಂಗಸುಗೂರಿನ ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಎಲ್ಲರೂ ತಮ್ಮೂರ ಟೀಮಿನ ಪರವಾಗಿಯೇ ಕೂಗುತ್ತಿದ್ದರು. ಸಿಂಧನೂರಿನ ಪರ ಕೂಗಲು ಇದ್ದವರು ಮೂವರು: ವಾಸಿಂ, ಗದ್ದೆಮ್ಮ, ಬಸವಣ್ಣೆಮ್ಮ. ಆಮೇಲೆ ಸರ್, ಆದರೆ ಕೆಮ್ಮಿನಿಂದ ಅವರ ದನಿಯೇ ಏಳುತ್ತಿರಲಿಲ್ಲ.

ಮೊದಲರ್ಧದಲ್ಲಿ ಎರಡೂ ಟೀಮು ಸಮಸಮ ಇದ್ದವು. ದ್ವಿತೀಯಾರ್ಧ ಶುರುವಾಯಿತು. ಮೌನಿ ಉಸಿರು ಕಟ್ಟಿ ನುಗ್ಗಿದಳು. "ಕಬಡ್ಡಿ ಕಬಡ್ಡಿ ಕಬಡ್ಡಿ..." ಮೂಲೆಯಲ್ಲಿದ್ದವಳು ಅವಳ ಹಿಮ್ಮಡಿಗೆ ಬಿದ್ದಳು. ಮೌನಿ ಕೊಡವಿಕೊಂಡಳು. ಇಬ್ಬರು ಸೊಂಟ ಹಿಡಿದರು. ಅವರನ್ನೂ ಎಳೆದುಕೊಂಡೇ ಮಧ್ಯದ ಗೆರೆಯ ಕಡೆ ಹೊರಟಳು. ಆಗ ಉಳಿದವರೂ ಹಾರಿ ಬಂದರು. ಒಟ್ಟು ಆರು ಮಂದಿ. ಗೆರೆ ಒಂದು ಗೇಣು ದೂರ ಇರುವಾಗ ಮೌನಿ ನೆಲಕ್ಕೆ ಬಿದ್ದಳು, ಅವಳ ಮೇಲೆ ಆರು ಜನರ ಗುಡ್ಡೆ ಬಿತ್ತು.

"ಏ! ಬಿಡ್ರೇ ಆಕಿನ್ನ!"

ಬಸವಣ್ಣೆಮ್ಮ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿ ಬರುತ್ತಿದ್ದಳು. ಹುಟ್ಟಿದಾಗಿನಿಂದ ಅವಳು ಕಬಡ್ಡಿ ನೋಡಿದವಳಲ್ಲ.

"ಒಬ್ಬಾಕಿ ಮ್ಯಾಲ ಆರು ಮಂದಿ ಬೀಳ್ತೀರಲ್ಲ, ನಾಚಿಕಿ ಬರಂಗಿಲ್ಲೇನು ನಿಮಗ? ಏಳ್ರಿ ಮ್ಯಾಲ!" ಎಂದು ಮೇಲಿದ್ದ ಹುಡುಗಿಯ ರಟ್ಟೆ ಹಿಡಿದು ಎಳೆದೇಬಿಟ್ಟಳು.

ಅವಳನ್ನು ತಡೆಯಲೆಂದು ಗದ್ದೆಮ್ಮ ಹಿಂದಿನಿಂದ ಓಡಿಬಂದಳು. ಬಂದವಳು ಮೌನಿಯ ಮೊಣಕೈಯಲ್ಲಿ ರಕ್ತ ನೋಡಿ, ತಡೆಯುವುದನ್ನು ಮರೆತು ಅಂಪೈರ್ ಕಡೆ ತಿರುಗಿದಳು. "ನೀವು ಸೀಟಿ ಹಿಡ್ಕೊಂಡು ಏನು ನೋಡಾಕತ್ತೀರಿ? ಹುಡುಗಿ ಉಸುರು ನಿಂತ್ರ ಯಾರು ಜವಾಬ್ದಾರಿ?"

ಇಡೀ ಮೈದಾನ ಗೊಳ್ಳೆಂದು ನಕ್ಕಿತು. ಅಂಪೈರ್ ಜೋರಾಗಿ ಸೀಟಿ ಊದಿದರು. "ಹೊರಗಿನವರು ಒಳಗ ಬಂದಾರ! ಲಿಂಗಸುಗೂರಿಗೆ ಇನ್ನೊಂದು ಪಾಯಿಂಟ್!"

"ಮೌನಿ, ಯಾರಲೇ ಇವ್ರು?" ಶಿವಗಂಗಾಳ ಮೂಗು ಕೆಂಪಾಗಿತ್ತು. "ಸುಮ್ ಸುಮ್ನ ಪಾಯಿಂಟ್ ಹೋತಲ್ಲ!"

ಭೂಮಿ ಬಾಯಿ ಬಿಟ್ಟು ನುಂಗಿದರೆ ಸಾಕು ಎನಿಸಿತು ಮೌನಿಗೆ. ನಗು ಇನ್ನೂ ನಿಂತಿರಲಿಲ್ಲ. ಅವಳು ಮೆಲ್ಲಗೆ ತಲೆಯೆತ್ತಿ ನೋಡಿದಳು.

ಬಸವಣ್ಣೆಮ್ಮನ ತುರುಬು ಬಿಚ್ಚಿ ಹೋಗಿತ್ತು. ಮನೆಯಲ್ಲಿ ಹಲ್ಲಿ ಕಂಡರೂ ಚೀರಿ ಹೊರಗೋಡುವ ಬಸವಣ್ಣೆಮ್ಮ! ಈಗ ಆರು ಹುಡುಗಿಯರ ಎದುರು, ಅಷ್ಟು ಜನರ ನಡುವೆ, ಎರಡೂ ಕೈ ಅಗಲ ಮಾಡಿ ಮೌನಿಗೆ ಅಡ್ಡ ನಿಂತಿದ್ದಳು. ಒಂದು ಹೆಜ್ಜೆಯೂ ಹಿಂದೆ ಸರಿಯಲಿಲ್ಲ.

ತುರ್ವಿಹಾಳದಲ್ಲಿ ಸಣ್ಣವಳಿದ್ದಾಗ ಒಂದು ನಾಯಿ ಮೌನಿಯನ್ನು ಬೆನ್ನಟ್ಟಿತ್ತು. ಆಗ ಅವ್ವ ಹೀಗೇ ಓಡಿಬಂದು, ಹೀಗೇ ಅಡ್ಡ ನಿಂತಿದ್ದಳು.

"ಸಣ್ಣವ್ವಾ," ಎಂದಳು ಮೌನಿ. ಆ ಮಾತು ತಾನಾಗಿಯೇ ಹೊರಬಿತ್ತು. "ಇದು ಜಗಳ ಅಲ್ಲಬೇ. ಆಟಾನ ಹಿಂಗ. ಅವರು ಹಿಡೀಬೇಕು, ನಾ ತಪ್ಪಿಸ್ಕೋಬೇಕು."

"ಆರು ಮಂದಿ ಹಿಡೀಬೇಕೇನು?"

"ಏಳು ಮಂದಿನೂ ಹಿಡೀಬೌದು."

"ಎಂಥಾ ದರಿದ್ರ ಆಟಲೇ ಇದು!"

ಗದ್ದೆಮ್ಮ ಸೆರಗಿನಿಂದ ಮೌನಿಯ ಮೊಣಕೈ ಒರೆಸುತ್ತ, ಮುಖ ನೋಡದೆ ಕೇಳಿದಳು: "ಆಕಿ ಸಣ್ಣವ್ವ. ಮತ್ತ ನಾ ಯಾರು?"

"ದೊಡ್ಡವ್ವ. ಮತ್ತ ಯಾರು?" ಎಂದಳು ಮೌನಿ. "ಇಬ್ರೂ ಹೋಗಿ ಗೆರಿ ಹೊರಗ ಕುಂದರ್ರಿ."

ಆಮೇಲೆ ಶಿವಗಂಗಾಳ ಕಡೆ ತಿರುಗಿದಳು. ರೈಡ್ ಹೋಗುವಾಗಿನ ದನಿಯಲ್ಲೇ, ಎಲ್ಲರಿಗೂ ಕೇಳುವಂತೆ ಹೇಳಿದಳು: "ಇವರು ನಮ್ಮನಿಯವರು. ಹೋದ ಪಾಯಿಂಟ್ ನಾ ತರ್ತೀನಿ."

ಔಟಾದ ಮೌನಿ ಹೊರಗೆ ಕುಳಿತು ಕಾಯಬೇಕಾಯಿತು. ಶಿವಗಂಗಾ ಹಲ್ಲು ಕಚ್ಚಿ ಎದುರಾಳಿಯ ಒಬ್ಬಳನ್ನು ಹಿಡಿದು ಕೆಡವಿದಾಗ ಅವಳಿಗೆ ಮತ್ತೆ ಒಳಗೆ ಹೋಗಲು ಸಿಕ್ಕಿತು. ಆ ಸಲ ಅವಳು ಬಾಣದಂತೆ ಹೋದಳು. ಒಬ್ಬಳನ್ನು ಕೈಯಿಂದ, ಇನ್ನೊಬ್ಬಳನ್ನು ಕಾಲಿನಿಂದ ಮುಟ್ಟಿ ಗೆರೆಗೆ ಬಂದು ಬಿದ್ದಳು. ಎರಡು ಪಾಯಿಂಟ್! ಹೋದದ್ದೂ ಬಂತು, ಮೇಲೊಂದೂ ಬಂತು. ಗೆರೆಯ ಹೊರಗಿನಿಂದ ವಾಸಿಂ ಹಾಕಿದ ಸಿಳ್ಳೆಗೆ ಅಂಪೈರ್ ತಮ್ಮ ಸೀಟಿಯನ್ನೇ ನೋಡಿಕೊಂಡರು.

ಆದರೂ ಲಿಂಗಸುಗೂರಿನವರು ಬಲವಾಗಿದ್ದರು. ಕೊನೆಯ ಸೀಟಿ ಆದಾಗ ಸಿಂಧನೂರು ಮೂರು ಪಾಯಿಂಟಿನಿಂದ ಸೋತಿತ್ತು.

ಎಲ್ಲರೂ ಮೈದಾನದ ಅಂಚಿನ ಬೇವಿನ ಮರದ ಕೆಳಗೆ ಬಂದು ಕುಳಿತರು. ಭಾರತಿ ಬಿಕ್ಕುತ್ತಿದ್ದಳು. ಗದ್ದೆಮ್ಮ ಬುಟ್ಟಿ ಬಿಚ್ಚಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೊಸರು ಹೊರಗೆ ತೆಗೆದಳು. ಸ್ವಲ್ಪ ಹೊತ್ತಿಗೆ ಅಳು ನಿಂತು ರೊಟ್ಟಿ ಮುರಿಯುವ ಸಪ್ಪಳ ಕೇಳಿತು.

ದೂರದಲ್ಲಿ ಗೆದ್ದ ಟೀಮಿನ ಹುಡುಗಿಯರು ಇತ್ತಲೇ ನೋಡುತ್ತಿದ್ದರು. ಬಸವಣ್ಣೆಮ್ಮ ಕೈ ಮಾಡಿ ಕರೆದಳು. "ಬರ್ರೇ ಇಲ್ಲಿ. ಆಗ ಬೈದೆ ಅಂತ ಸಿಟ್ಟು ಮಾಡ್ಕೋಬ್ಯಾಡ್ರಿ. ನೀವೂ ಉಣ್ಣಬರ್ರಿ."

ಅವರು ನಾಚುತ್ತ ಬಂದು ಕುಳಿತರು. ಅವರಲ್ಲೊಬ್ಬಳು ಮೌನಿಯನ್ನು ತೋರಿಸಿ, "ಈಕಿ ಭಾಳ ಜೋರ ಅದಾಳ್ರಿ ಅಮ್ಮಾ. ಇಬ್ರು ಮೂವರ ಕೈಗೆ ಸಿಗಂಗೇ ಇಲ್ಲ," ಎಂದಳು.

"ಹೌದಾ?" ಎಂದಳು ಬಸವಣ್ಣೆಮ್ಮ. ಕೈಯಲ್ಲಿದ್ದ ರೊಟ್ಟಿ ಕೈಯಲ್ಲೇ ಉಳಿಯಿತು. "ಅದಕ್ಕ ಆರು ಮಂದಿ ಬಿದ್ರೇನು?"

"ಹ್ಞೂಂರಿ. ಇಲ್ಲಂದ್ರ ತಪ್ಪಿಸ್ಕೊಂಡು ಹೋಗಿಬಿಡ್ತಿದ್ಲು."

ಬಸವಣ್ಣೆಮ್ಮ ನೆಟ್ಟಗೆ ಕುಳಿತಳು. ಆ ಹುಡುಗಿಗೆ ಇನ್ನೊಂದು ಸೌಟು ಎಣ್ಣೆಗಾಯಿ ಬಡಿಸಿದಳು.

ಇತ್ತ ಶಿವಗಂಗಾ ತಟ್ಟೆ ಮುಂದೆ ಚಾಚಿದಳು. "ದೊಡ್ಡವ್ವಾ, ನನಗೂ ಇನ್ನೊಂದು ರೊಟ್ಟಿ ಕೊಡ್ರಿ." ಯಾರ ದೊಡ್ಡವ್ವ ಎಂದು ಯಾರೂ ಕೇಳಲಿಲ್ಲ.

ವಾಪಸ್ ಬರುವಾಗ ವಾಸಿಂ ಮಸ್ಕಿಯಲ್ಲಿ ಗಾಡಿ ನಿಲ್ಲಿಸಿದ. ಗುಡ್ಡದ ಮೇಲೆ ಸಂಜೆಯ ಬಿಸಿಲಿತ್ತು. ಚಹಾದಂಗಡಿಯವನು ಹುಡುಗಿಯರ ಜೆರ್ಸಿ ನೋಡಿ, "ಗೆದ್ರೇನ್ರಿ?" ಎಂದು ಕೇಳಿದ. ಹುಡುಗಿಯರೆಲ್ಲ ತಲೆ ತಗ್ಗಿಸಿದರು.

"ಗೆದ್ದದ್ದು ಸೋತದ್ದು ಇದ್ದದ್ದ ಬಿಡಪ್ಪ," ಎಂದಳು ಬಸವಣ್ಣೆಮ್ಮ. "ನಮ್ಮ ಹುಡುಗಿನ್ನ ಹಿಡಿಯಾಕ ಆರು ಮಂದಿ ಬೇಕಾತು. ಆರು ಮಂದಿ!"

ದಾರಿಯಲ್ಲಿ ಡೀಸೆಲ್ ಹಾಕಿಸಲು ನಿಂತರು. ಅಲ್ಲಿ ಪೈಪು ಹಿಡಿದವನು ಏನೂ ಕೇಳಿರಲಿಲ್ಲ. ಆದರೂ ಅವಳು ಕಿಟಕಿಯಿಂದ ತಲೆ ಹೊರಗೆ ಹಾಕಿ ಹೇಳಿದಳು. ಅಲ್ಲಿ ಏಳು ಮಂದಿಯಾದರು.

ಸಿಂಧನೂರು ಮುಟ್ಟಿದಾಗ ಇನ್ನೂ ಬೆಳಕಿತ್ತು. ಮುಚ್ಚಿದ ಅಂಗಡಿಯ ಮುಂದೆ ಮಿಲ್ಲಿನ ಹಮಾಲರು ಕಟ್ಟೆಯ ಮೇಲೆ ಕುಳಿತು ಕಾಯುತ್ತಿದ್ದರು. ಅವರು ಬಾಯಿ ತೆರೆಯುವ ಮೊದಲೇ ಬಸವಣ್ಣೆಮ್ಮ ಗಾಡಿಯಿಂದ ಇಳಿದಳು.

"ಏನಾತು ಗೊತ್ತೈತೇನು? ಎಂಟು ಮಂದಿ! ಎಂಟು ಮಂದಿ ಬೇಕಾತು ನಮ್ಮ ಮೌನಿನ್ನ ಹಿಡಿಯಾಕ!"

ವಾಸಿಂ ಸ್ಟೇರಿಂಗ್ ಮೇಲೆ ತಲೆಯಿಟ್ಟು ನಗತೊಡಗಿದ. ಕಬಡ್ಡಿ ಟೀಮಿನಲ್ಲಿ ಅಂಗಳಕ್ಕೆ ಇಳಿಯುವವರೇ ಏಳು ಮಂದಿ. ಅದನ್ನು ಹೇಳಲು ಮೌನಿ ಬಾಯಿ ತೆರೆದಳು. ಆಮೇಲೆ ಮುಚ್ಚಿದಳು.

ಹಮಾಲರು ಯಾವ ಹುಡುಗಿ ಎಂದು ಗಾಡಿಯ ಕಡೆ ಕತ್ತು ಚಾಚಿ ನೋಡುತ್ತಿದ್ದರು. ಮೌನಿ ಗಾಡಿಯಿಂದ ಇಳಿದಳು. ಎಲ್ಲರಿಗೂ ಕಾಣುವ ಹಾಗೆ ಸಣ್ಣವ್ವನ ಪಕ್ಕಕ್ಕೆ ಹೋಗಿ ನಿಂತಳು.